ಚೀಲ ಕೆಳಕ್ಕೆ, ದಿನ ಅಡ್ಡಕ್ಕೆ

ನಮ್ಮ ಚಾರ್ಟಕ್ಕನ ಮನೆಗೆ ಎರಡು ಸಲ ಹೋದರೆ ಎರಡು ಬೇರೆ ಬೇರೆ ಮನೆಗೆ ಹೋಗಿಬಂದ ಹಾಗಿರುತ್ತದೆ. ಹೋದ ತಿಂಗಳು ಬಾಗಿಲಿಗೆದುರಾಗಿದ್ದ ಕಪಾಟು ಈ ತಿಂಗಳು ಕಿಟಕಿ ಪಕ್ಕ. ಮಂಚದ ತಲೆ ಇದ್ದ ಕಡೆ ಕಾಲು, ಕಾಲು ಇದ್ದ ಕಡೆ ತಲೆ. ಅವಳ ಗಂಡ ಗಡಿಯಾರ ರಿಪೇರಿಯವರು. ಅವಳು ಅಕ್ಕನಾದ ಮೇಲೆ ಅವರು ನಮಗೆಲ್ಲ ಭಾವ. ದಿನವಿಡೀ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಉಸಿರಾಡಿದರೂ ಸ್ಪ್ರಿಂಗ್ ಹಾರೀತು ಅನ್ನುವ ಹಾಗೆ ಕೂರುವ ಮನುಷ್ಯ. ಸಂಜೆ ಮನೆಗೆ ಬಂದರೆ ಮಾತ್ರ ಕೈ ಮುಂದೆ ಚಾಚಿಕೊಂಡು ಒಳಗೆ ಹೆಜ್ಜೆ ಇಡುತ್ತಾರೆ, ಎಲ್ಲಿ ಏನು ಬಂದು ಮೊಣಕಾಲಿಗೆ ಬಡಿಯುತ್ತದೋ ಎಂದು. ಈ ಮನೆಯಲ್ಲಿ ಇಟ್ಟ ಜಾಗದಲ್ಲಿ ಇರುವ ಸಾಮಾನು ನಾನೊಬ್ಬನೇ ಅಂತ ಅವರು ಬಂದವರಿಗೆಲ್ಲ ಹೇಳುವುದುಂಟು. ಅಕ್ಕ ಅದನ್ನು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಟೀ ಕುಡಿಯುವಾಗಲೂ ಲೋಟವನ್ನು ಮೇಜಿನ ಮೇಲೆ ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ಸರಿಸಿಯೇ ಮುಗಿಸುತ್ತಾಳೆ. ನೋಡಿ ನೋಡಿ ನನಗೇ ತಲೆ ತಿರುಗುತ್ತದೆ.

ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಆದರೂ ನೀನು ಅಂತಲೇ ಅನ್ನಬೇಕು, ನೀವು ಅಂದರೆ ಸಿಡುಕುತ್ತಾಳೆ.

ನಮ್ಮದು ಮನೆ ಮನೆಗೆ ಹೋಗುವ ನರ್ಸ್‌ಗಳ ಆಫೀಸು. ಆಸ್ಪತ್ರೆವರೆಗೆ ಬರಲಾಗದವರ ಗಾಯ ತೊಳೆದು ಕಟ್ಟುವುದು, ಟ್ಯೂಬು ಬದಲಿಸುವುದು, ಇಂಜೆಕ್ಷನ್ ಕೊಡುವುದು. ಆರು ಜನ ನರ್ಸ್‌ಗಳಿದ್ದೇವೆ, ಆರು ಕಪ್ಪು ಚೀಲ. ಚೀಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರೇ ನಮ್ಮ ಹೆಸರು. ನಾನು ಐದನೇ ಚೀಲ. ಚಾರ್ಟಕ್ಕ ಮೊದಲು ಒಂಬತ್ತು ವರ್ಷ ಎರಡನೇ ಚೀಲವಾಗಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದಳು. ಕೊನೆಗೆ ಎರಡೂ ಮಂಡಿ ಕೈಕೊಟ್ಟವು. ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರು ಹೇಳಿದ ಮೇಲೆ ಚೀಲ ಕಿತ್ತುಕೊಂಡು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದರು. ಅವಳಂಥವಳನ್ನು ಕುರ್ಚಿಯಲ್ಲಿ ಕೂರಿಸುವುದೆಂದರೆ ಶಿಕ್ಷೆಯೇ. ಕಾಲು ತಿರುಗದಿದ್ದರೆ ಕೈಯಾದರೂ ತಿರುಗಲಿ ಅಂತ ಚಾರ್ಟು ಮಾಡಲು ಶುರು ಮಾಡಿದಳು. ಬಣ್ಣ ಬದಲಿಸುವುದು, ಅಕ್ಷರ ದೊಡ್ಡದು ಮಾಡುವುದು, ಸಣ್ಣದು ಮಾಡುವುದು, ಗೆರೆ ಹಾಕುವುದು, ಅಳಿಸುವುದು. ಚಾರ್ಟಕ್ಕ ಅಂತ ಹೆಸರು ಬಿದ್ದದ್ದು ಹಾಗೆ.

ಈ ಚಾರ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಡಗಡೆ ಮೇಲಿನಿಂದ ಕೆಳಕ್ಕೆ ಒಂದರಿಂದ ಆರು, ಅದು ಚೀಲದ ನಂಬರು. ಮೇಲುಗಡೆ ಅಡ್ಡಕ್ಕೆ ಒಂದರಿಂದ ಆರು, ಅದು ದಿನ. ಸೋಮವಾರ ಒಂದು, ಶನಿವಾರ ಆರು. ದಿನಕ್ಕೂ ನಂಬರು ಯಾಕೆ ಅಂದರೆ, ಮೊದಲು ವಾರಗಳ ಹೆಸರೇ ಇತ್ತು. ಒಂದು ದಿನ ಅಕ್ಕ ಯಾವುದೋ ಗುಂಡಿ ಒತ್ತಿದ್ದಕ್ಕೆ ಕಂಪ್ಯೂಟರು ಅವನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿ, ಗುರುವಾರವನ್ನು ತಂದು ಎಲ್ಲಕ್ಕಿಂತ ಮುಂದೆ ಕೂರಿಸಿತು. ಆವತ್ತಿನಿಂದ ಹೆಸರೇ ಬೇಡ, ನಂಬರೇ ವಾಸಿ ಅಂತಾಯಿತು. ಎಡದ ಮೇಲಿನ ಮೂಲೆಯ ಚೌಕದಲ್ಲಿ ಅವಳೇ ಬರೆದಿದ್ದಳು: ಚೀಲ ಕೆಳಕ್ಕೆ, ದಿನ ಅಡ್ಡಕ್ಕೆ. ಒಟ್ಟು ಆರಾರಲಿ ಮೂವತ್ತಾರು ಚೌಕ. ಒಂದೊಂದರಲ್ಲಿ ನಾಲ್ಕು ಫೈಲ್ ನಂಬರು, ಅಂದರೆ ನಾಲ್ಕು ಮನೆ. ಬೆಳಿಗ್ಗೆ ಬಂದು ನನ್ನ ಐದನ್ನು ಎಡಗಡೆ ಹುಡುಕಿ, ಅಲ್ಲಿಂದ ಅಡ್ಡಕ್ಕೆ ಬೆರಳೋಡಿಸಿ ಆ ದಿನದ ಚೌಕ ನೋಡಿ, ನಾಲ್ಕು ಫೈಲು ಎತ್ತಿಕೊಂಡು ಹೊರಡುವುದು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ.

ಇನ್ನೊಂದು ನಿಯಮವಿದೆ. ಹೋದ ಮನೆಗೆ ಬೀಗ ಹಾಕಿದ್ದರೆ ಫೈಲಿನಲ್ಲಿ ‘ಬೀಗ’ ಅಂತ ಬರೆದು ಬರಬೇಕು. ಮೂರು ಬೀಗ ಆಯಿತೋ, ಆ ಹೆಸರು ಹೊಡೆದುಹಾಕಿ ಕಾಯುವವರ ಪಟ್ಟಿಯಲ್ಲಿ ಮುಂದಿರುವವರಿಗೆ ಜಾಗ ಕೊಡುವುದು. ಕ್ರೂರ ಅನ್ನಿಸಬಹುದು. ಆದರೆ ಪಟ್ಟಿಯಲ್ಲಿ ಅರವತ್ತು ಜನ ಕಾಯುತ್ತಿರುವಾಗ, ನಾವು ಬೆವರು ಸುರಿಸಿಕೊಂಡು ಹೋಗಿ ಬೀಗ ನೋಡಿಕೊಂಡು ಬರುವುದೂ ಅನ್ಯಾಯವೇ.

ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ. ಹೊಸಬರಿಗೆ ಏನಾದರೊಂದು ಬದಲಿಸದಿದ್ದರೆ ಕೈ ತುರಿಸುತ್ತದಲ್ಲ, ಅಷ್ಟೇ. ದಿನಗಳು ಎಡಗಡೆ ಇರಲಿ, ಚೀಲಗಳು ಮೇಲೆ ಇರಲಿ, ಇವತ್ತು ಯಾರು ಎಲ್ಲಿ ಅಂತ ಒಂದೇ ಸಾಲಿನಲ್ಲಿ ನನಗೆ ಕಾಣಬೇಕು ಅಂದರು. ಬೇರೆಯವರಾಗಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ನಮ್ಮ ಅಕ್ಕನಿಗೆ ಹಬ್ಬ. ಮಂಚ ತಿರುಗಿಸುವವಳಿಗೆ ಚಾರ್ಟು ತಿರುಗಿಸು ಅಂದರೆ ಇನ್ನೇನು ಬೇಕು?

ಮೂವತ್ತಾರು ಚೌಕವನ್ನೂ ಮತ್ತೆ ಟೈಪ್ ಮಾಡಬೇಕೇನೋ ಅಂದುಕೊಂಡಿದ್ದಳಂತೆ. ಮೆನುವಿನೊಳಗೆಲ್ಲ ಕೈಯಾಡಿಸುತ್ತ ಹೋದಾಗ ಒಂದು ಜಾಗ ಸಿಕ್ಕಿತು. ಇಡೀ ಚಾರ್ಟು ಕಾಪಿ ಮಾಡಿ, ಪೇಸ್ಟ್ ಮಾಡುವ ಮುಂಚೆ ಟ್ರಾನ್ಸ್‌ಪೋಸ್ ಅನ್ನುವ ಚೌಕದಲ್ಲಿ ಒಂದು ಟಿಕ್ ಹಾಕಿದರೆ ಸಾಕು. ಅಡ್ಡ ಇದ್ದದ್ದು ಉದ್ದ, ಉದ್ದ ಇದ್ದದ್ದು ಅಡ್ಡ. ಶನಿವಾರ ಸಂಜೆ ನಾನು ಚೀಲ ಇಡಲು ಹೋದಾಗ ಕೈ ಹಿಡಿದು ಎಳೆದು ಕೂರಿಸಿದಳು. ಮಲಗಿದ್ದದ್ದನ್ನು ಎಬ್ಬಿಸಿ ನಿಲ್ಲಿಸಿದೆ ನೋಡು ಅಂದಳು. ಮತ್ತೆ ಮಲಗಿಸಿದಳು, ಮತ್ತೆ ನಿಲ್ಲಿಸಿದಳು. ನನಗೆ ಬಸ್ಸಿಗೆ ಹೊತ್ತಾಗಿತ್ತು. ನಿನ್ನ ಹುಚ್ಚಿಗೆ ಕೊನೆಯಿಲ್ಲ ಅಂದು ಎದ್ದು ಬಂದೆ.

ಆಮೇಲೆ ಅವಳು ತಾಳೆ ನೋಡಿದಳು, ನೋಡದೆ ಬಿಡುವವಳಲ್ಲ. ಮೊಟ್ಟಮೊದಲ ಚೌಕ ನೋಡಿದಳು. ಒಂದನೇ ಚೀಲ, ಒಂದನೇ ದಿನ, ಸರಿಯಿತ್ತು. ಕಟ್ಟಕಡೆಯ ಚೌಕ ನೋಡಿದಳು. ಆರನೇ ಚೀಲ, ಆರನೇ ದಿನ, ಅದೂ ಸರಿ. ಸರಿಯಿಲ್ಲದೆ ಏನು? ಆರಕ್ಕೆ ಆರರ ಚಾರ್ಟನ್ನು ಹೀಗೆ ಅಡ್ಡ ಉದ್ದ ಮಾಡಿ ತಿರುಗಿಸಿದರೆ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಇರುವ ಚೌಕಗಳು ಇದ್ದಲ್ಲೇ ಇರುತ್ತವೆ. ತಿರುಗಿಸಿದರೂ ಅಲ್ಲಾಡದ ಇನ್ನೊಂದು ಚೌಕವಿತ್ತು, ಎಡದ ಮೇಲಿನ ಮೂಲೆಯದು. ಚೀಲ ಕೆಳಕ್ಕೆ, ದಿನ ಅಡ್ಡಕ್ಕೆ ಅಂತ ಅದು ಹಾಗೇ ಇತ್ತು. ಈಗ ಚೀಲ ಅಡ್ಡಕ್ಕೆ ಹೋಗಿದೆ, ದಿನ ಕೆಳಕ್ಕೆ ಬಂದಿದೆ ಅಂತ ಅದಕ್ಕೇನು ಗೊತ್ತು? ಅಕ್ಕ ಅದನ್ನು ಬದಲಿಸಲು ಮರೆತಳು. ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದಳು. ಸಾಹೇಬರು ತಾವು ಹೇಳಿದ್ದೇ ಆಗಿದೆಯೆಂದು ತಲೆಯಾಡಿಸಿದರು. ಅವರಿಗೆ ಅದನ್ನು ಹೇಗೆ ಓದಬೇಕು ಅಂತ ಗೊತ್ತಿತ್ತು. ನಮಗೆ ಯಾರೂ ಹೇಳಲಿಲ್ಲ. ಸೋಮವಾರ ಬೆಳಿಗ್ಗೆ ತಾನೇ ನಿಂತು ಹೇಳಬೇಕು ಅಂತ ಅವಳಿಗಿತ್ತು. ಭಾನುವಾರ ಮಂಡಿ ಊದಿಕೊಂಡು, ಎರಡು ವಾರ ಏಳಬಾರದು ಅಂತ ಡಾಕ್ಟರು ಮಲಗಿಸಿಬಿಟ್ಟರು.

ಸೋಮವಾರ ನಾವು ಬಂದು ಗೋಡೆ ನೋಡಿದೆವು. ಎಡಗಡೆ ನಂಬರು, ಮೇಲೆ ನಂಬರು, ಮೂಲೆಯಲ್ಲಿ ಅದೇ ಮಾತು. ಒಳಗಿನ ಮನೆಗಳು ಮಾತ್ರ ಬೇರೆ. ಸಾಹೇಬರು ಎಲ್ಲರ ಮನೆ ಕಲಸಿಬಿಟ್ಟಿದ್ದಾರೆ ಅಂದುಕೊಂಡೆವು. ಹಿಂದುಗಡೆ ನಿಂತು ಮನಸಾರೆ ಬೈದುಕೊಂಡೆವು. ಮೂರನೇ ಚೀಲ ಅಂತೂ, ಹತ್ತು ವರ್ಷದಿಂದ ನೋಡಿಕೊಂಡವರನ್ನು ಬಿಡಿಸಿದರಲ್ಲ ಅಂತ ಕಣ್ಣೀರು ಹಾಕಿದಳು. ಒಬ್ಬರಾದರೂ ಒಳಗೆ ಹೋಗಿ ಕೇಳಿದೆವಾ? ಊಹೂಂ. ಬೆನ್ನ ಹಿಂದೆ ಬೈಯಲು ಆರು ಬಾಯಿ, ಎದುರಿಗೆ ಕೇಳಲು ಒಂದೂ ಇಲ್ಲ. ನಾನೂ ಅದರಲ್ಲಿ ಒಬ್ಬಳು.

ಲೆಕ್ಕಕ್ಕೆ ಸಿಕ್ಕಿಬೀಳುವ ತಪ್ಪೂ ಅಲ್ಲ ಅದು. ಪ್ರತಿ ಚೀಲಕ್ಕೂ ವಾರಕ್ಕೆ ಇಪ್ಪತ್ತನಾಲ್ಕು ಮನೆ ಮೊದಲಿನ ಹಾಗೇ ಇದ್ದವು. ಪ್ರತಿ ಮನೆಗೂ ವಾರಕ್ಕೊಮ್ಮೆ ಯಾರೋ ಒಬ್ಬರು ಹೋಗುತ್ತಿದ್ದರು. ಸಾಹೇಬರ ಕೈಗೆ ಹೋಗುವ ಕಾಗದದಲ್ಲಿ ಎಲ್ಲ ತಾಳೆಯಾಗುತ್ತಿತ್ತು. ಜನ ಕೂಡ, ಹೊಸ ನರ್ಸು, ಹೊಸ ದಿನ, ಇರಲಿ ಅಂತ ಬಾಗಿಲು ತೆಗೆದರು. ಒಂದು ಬಾಗಿಲು ಮಾತ್ರ ತೆಗೆಯಲಿಲ್ಲ.

ನನಗೆ ಮಂಗಳವಾರಕ್ಕೆ ಬಂದದ್ದು ಎರಡನೇ ಚೀಲದ ಶುಕ್ರವಾರದ ಮನೆಗಳು. ಅವುಗಳಲ್ಲಿ ಒಂದು, ಬೇಕರಿ ಹಿಂದಿನ ಹಳೆಯ ಕಟ್ಟಡದ ಮೂರನೇ ಮಹಡಿ. ಫೈಲಿನಲ್ಲಿ ಒಬ್ಬ ಮುದುಕರು. ಸಕ್ಕರೆ ಕಾಯಿಲೆ, ಎಡಗಾಲಿನ ಪಾದದಲ್ಲಿ ಗಾಯ, ವಾರಕ್ಕೊಂದು ಸಲ ತೊಳೆದು ಕಟ್ಟಬೇಕು. ಹತ್ತಿ ಹೋದೆ. ಹೊರಗಿನ ಚಿಲಕಕ್ಕೆ ಹಿತ್ತಾಳೆ ಬೀಗ. ಆದರೂ ಬಡಿದೆ, ಎರಡು ಸಲ. ಸದ್ದಿಲ್ಲ. ಬೀಗ ಅಂತ ಬರೆದು ಇಳಿದೆ. ಮುಂದಿನ ಮಂಗಳವಾರವೂ ಅಷ್ಟೇ. ಮೂರನೇ ಮಂಗಳವಾರದ ಬಗ್ಗೆ ಈಗ ಹೆಚ್ಚು ಹೇಳುವುದಿಲ್ಲ. ಆವತ್ತೂ ಬೀಗ ಅಂತಲೇ ಬರೆದೆ.

ಮಾರನೇ ದಿನ, ಬುಧವಾರ, ಚಾರ್ಟಕ್ಕ ಕೆಲಸಕ್ಕೆ ಬಂದಳು. ಎರಡು ವಾರದ ಮೇಲೂ ಎರಡು ದಿನ ಮಲಗಿದ್ದ ಚಡಪಡಿಕೆಯೆಲ್ಲ ಸೇರಿಸಿಕೊಂಡು ಬಂದಿದ್ದಳು. ಬಂದವಳೇ ಪ್ರಿಂಟರು ಆ ಮೇಜಿನಿಂದ ಈ ಮೇಜಿಗೆ, ಕುರ್ಚಿ ಗೋಡೆ ಕಡೆಯಿಂದ ಬಾಗಿಲ ಕಡೆಗೆ. ಅವಳ ಮೇಜಿನ ಮೇಲೆ ಸಾಹೇಬರು ಒಂದು ಚೀಟಿ ಇಟ್ಟಿದ್ದರು. ಮೂರು ಬೀಗ ಆದ ಹೆಸರು, ಒಂದೇ ಒಂದು, ಹೊಡೆದುಹಾಕಿ ಮುಂದಿನವರಿಗೆ ಕೊಡಿ ಅಂತ.

ಅಕ್ಕ ಚೀಟಿ ಓದಿದಳು. ಕೂತಳು. ಎದ್ದಳು. ಮತ್ತೆ ಓದಿದಳು.

ಲಿಫ್ಟ್ ತಾತ, ಅಂದಳು.

ಆ ಮುದುಕರನ್ನು ಅವಳು ಹಾಗೆ ಕರೆಯುತ್ತಿದ್ದಳಂತೆ. ಮೂವತ್ತೈದು ವರ್ಷ ಯಾವುದೋ ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸಿದವರು. ಜನರನ್ನು ಹತ್ತಿಸಿ ಇಳಿಸಿಯೇ ಬದುಕು ಸವೆಸಿ, ಈಗ ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಅವರೇ ನಗುತ್ತಿದ್ದರಂತೆ. ಅಕ್ಕ ಒಂಬತ್ತು ವರ್ಷ ಅವರ ಕಾಲು ತೊಳೆದವಳು. ಅವಳ ಮಂಡಿ ಹೋಗಿದ್ದರಲ್ಲಿ ಆ ಮೆಟ್ಟಿಲುಗಳ ಪಾಲೂ ಇತ್ತು.

ನನ್ನ ಕಡೆ ತಿರುಗಿ ಕೇಳಿದಳು. ಒಂದು ಮೆಟ್ಟಿಲು ಇಳಿಯಲಾರದ ಮನುಷ್ಯ ಮೂರು ವಾರ ಬೀಗ ಹಾಕಿಕೊಂಡು ಎಲ್ಲಿಗೆ ಹೋದ? ನನಗೇನು ಗೊತ್ತು ಅಂದೆ, ಸ್ವಲ್ಪ ಒರಟಾಗಿಯೇ. ಅದಿರಲಿ, ಅವರು ಎರಡನೇ ಚೀಲದ ಶುಕ್ರವಾರದವರಲ್ಲವಾ, ನೀನು ಯಾಕೆ ಹೋದೆ ಅಂದಳು. ಚಾರ್ಟ್ ನೋಡಿ ಹೋದೆ, ನೀನೇ ಮಾಡಿದ ಚಾರ್ಟು, ಅಂದೆ.

ಅಕ್ಕ ಗೋಡೆಯ ಹತ್ತಿರ ಹೋದಳು. ಎಡಗಡೆ ಐದರ ಮೇಲೆ ಬೆರಳಿಟ್ಟು ಅಡ್ಡಕ್ಕೆ ಎರಡರವರೆಗೆ ಎಳೆದಳು. ಆಮೇಲೆ ಮೇಲಿನ ಐದರಿಂದ ಕೆಳಕ್ಕೆ ಎರಡರವರೆಗೆ. ಮತ್ತೆ ಎರಡರಿಂದ, ಮತ್ತೆ ಐದರಿಂದ. ಬೆರಳು ಕೊನೆಗೆ ಮೂಲೆಯ ಚೌಕಕ್ಕೆ ಬಂದು ನಿಂತಿತು. ಅಷ್ಟು ವರ್ಷದಲ್ಲಿ ಅವಳ ಕೈ ಒಂದು ಕಡೆ ಅಷ್ಟು ಹೊತ್ತು ನಿಂತದ್ದನ್ನು ನಾನು ನೋಡಿರಲಿಲ್ಲ.

"ನೀವೆಲ್ಲ ಇದನ್ನ ಹಳೇ ಥರಾನೇ ಓದ್ತಿದ್ದೀರಾ?" ಅಂದಳು.

ಹೌದು ಅಂದೆ. ಅವಳು ನನ್ನ ಚೀಲ ತಾನೇ ಎತ್ತಿಕೊಂಡು ಹೊರಟಳು. ಮೆಟ್ಟಿಲು ಹತ್ತಬಾರದು ನೀನು ಅಂತ ಹಿಂದೆಯೇ ಓಡಿದೆ. ಆಟೋದಲ್ಲಿ ಕೂತವಳು ಮುಂದೆ ಬಾಗಿ ಬಾಗಿ, ತಾನೇ ಇಳಿದು ತಳ್ಳುವ ಹಾಗೆ ಮಾಡುತ್ತಿದ್ದಳು. ಡ್ರೈವರು ಎರಡು ಸಲ ತಿರುಗಿ ನೋಡಿದ. ಮೂರು ವಾರ, ಮೂರು ವಾರ ಅಂತ ಬಾಯಲ್ಲೇ ಲೆಕ್ಕ ಹಾಕುತ್ತಿದ್ದಳು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ಗೊತ್ತಾಗುವುದಿಲ್ಲ. ಒಳಗೊಳಗೇ ಕೊಳೆಯುತ್ತ ಹೋದರೂ ಸುಮ್ಮನಿರುತ್ತದೆ. ಮೂರು ವಾರ ಕಟ್ಟು ಬಿಚ್ಚದಿದ್ದರೆ ಬೆರಳು ಹೋಗಬಹುದು, ಕಾಲೂ ಹೋಗಬಹುದು, ಅದಕ್ಕಿಂತ ದೊಡ್ಡದೂ ಹೋಗಬಹುದು. ಇಬ್ಬರಿಗೂ ಅದು ಗೊತ್ತಿತ್ತು.

ಮೂರು ಮಹಡಿಯನ್ನು ಅವಳು ಕಂಬಿ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು ಹತ್ತಿದಳು. ಕೊಡು ಕೈ ಅಂದರೆ ಕೊಡಲಿಲ್ಲ. ಮೇಲೆ ಅದೇ ಬಾಗಿಲು, ಅದೇ ಹಿತ್ತಾಳೆ ಬೀಗ. ಅಕ್ಕ ಬಡಿಯಲಿಲ್ಲ. ಬಾಗಿಲ ಸಂದಿಗೆ ಬಾಯಿ ಇಟ್ಟು ಕರೆದಳು.

"ತಾತ, ನಾನು. ಮೊದಲು ಬರ್ತಿದ್ದ ಎರಡನೇ ಚೀಲ."

ಒಳಗೆ ಏನೋ ನೆಲದ ಮೇಲೆ ಎಳೆದ ಸದ್ದಾಯಿತು. ಆಮೇಲೆ ಬಾಗಿಲ ಆ ಕಡೆಯಿಂದಲೇ ಒಂದು ಗಂಟಲು.

"ಮೂರು ಮಹಡಿ ಹತ್ತಿದ್ಯೇನಮ್ಮ? ಮಂಡಿ ಹೇಗಿದೆ?"

ಅಕ್ಕ ಬಾಗಿಲಿಗೆ ಹಣೆ ಒರಗಿಸಿದಳು. ಬೀಗ ಅಂತ ನಾನು ಮೂರು ಸಲ ಬರೆದ ಬಾಗಿಲ ಹಿಂದೆ, ಮೂರು ಸಲವೂ ಮನುಷ್ಯ ಇದ್ದರು.

ನರ್ಸು ಬಂದು ಬಡಿದದ್ದು ಕೇಳಿಸಲಿಲ್ಲವಾ ತಾತ ಅಂತ ಅಕ್ಕ ಕೇಳಿದಳು. ಅವರು ತಡೆದು ತಡೆದು ಹೇಳಿದರು.

"ಕೇಳಿಸ್ತಮ್ಮ. ಮೂರು ಸಲಾನೂ ಕೇಳಿಸ್ತು. ಓಗೊಟ್ರೆ, ಮಗಳು ಅಪ್ಪನ್ನ ಕೂಡಿ ಹಾಕಿ ಹೋಗ್ತಾಳೆ ಅಂತ ಎಲ್ಲರ ಬಾಯಿಗೂ ಬೀಳ್ತಾಳೆ. ಬೀಗ ಹಾಕ್ಕೊಂಡು ಹೋಗು ಅಂದವನು ನಾನೇ. ಅದನ್ನ ಯಾರು ನಂಬ್ತಾರೆ?"

ಹೋದ ವರ್ಷ ಒಂದು ಮಧ್ಯಾಹ್ನ, ಮನೆಯೊಳಗೇ ಇದ್ದು ಇದ್ದು ಬೇಸರವಾಗಿ, ಅವರು ಒಬ್ಬರೇ ಕೆಳಗಿಳಿಯಲು ಹೋಗಿ ಒಂದು ಮಹಡಿ ಉರುಳಿದ್ದರಂತೆ. ಕೈ ಮುರಿದಿತ್ತು. ಮಗಳಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಬಿಟ್ಟರೆ ಹೊಟ್ಟೆಗಿಲ್ಲ, ಹೋದರೆ ಅಪ್ಪನ ಚಿಂತೆ. ಬಾಗಿಲು ತೆರೆದಿದ್ದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ, ಹೊರಗಿನಿಂದ ಬೀಗ ಹಾಕು ಅಂತ ಅವರೇ ಹೇಳಿದರಂತೆ. ಮಗಳಿಗೆ ಶುಕ್ರವಾರ ರಜೆ. ಅದಕ್ಕೇ ನರ್ಸು ಬರುವುದು ಶುಕ್ರವಾರ ಅಂತ ಅಕ್ಕನ ಕಾಲದಿಂದಲೂ ಇತ್ತು. ಬೀಗದ ವಿಷಯ ಮಾತ್ರ ಅಕ್ಕನಿಗೂ ಗೊತ್ತಿರಲಿಲ್ಲ. ಈಗಿನ ಎರಡನೇ ಚೀಲಕ್ಕೂ ಇಲ್ಲ.

ಮಗಳ ಫೋನ್ ನಂಬರು ಫೈಲಿನಲ್ಲಿತ್ತು. ಮೇಲೆ ಸಿಗ್ನಲ್ ಸಿಗದೆ ನಾನು ಒಂದು ಮಹಡಿ ಇಳಿದು ಹೋಗಿ ಮಾತಾಡಿದೆ. ಅಷ್ಟು ಹೊತ್ತು ಅಕ್ಕನೂ ತಾತನೂ ಬಾಗಿಲ ಸಂದಿಯಲ್ಲಿ ಏನೋ ಮಾತಾಡಿಕೊಳ್ಳುತ್ತಿದ್ದರು. ನಾನು ಮೇಲೆ ಬಂದಾಗ ಅಕ್ಕ ಸುಮ್ಮನಾದಳು, ನನ್ನ ಮುಖ ಒಂದು ಗಳಿಗೆ ನೋಡಿ ಆ ಕಡೆ ತಿರುಗಿದಳು. ಮಂಡಿ ನೋವು ಅಂದುಕೊಂಡೆ.

ಮಗಳು ಬರಲು ಒಂದು ಗಂಟೆ. ಅಂಥ ಗಂಟೆ ಶತ್ರುವಿಗೂ ಬೇಡ. ಅಕ್ಕ ಆ ಆರಡಿ ಜಾಗದಲ್ಲಿ ಕುಂಟುತ್ತ ಅತ್ತಿಂದಿತ್ತ, ಇತ್ತಿಂದತ್ತ. ಪಕ್ಕದ ಮನೆಯವರ ಹೂಕುಂಡವೊಂದು ಬಾಗಿಲ ಬಲಕ್ಕಿತ್ತು. ಅದನ್ನು ಎಡಕ್ಕಿಟ್ಟಳು, ಮತ್ತೆ ಬಲಕ್ಕೆ. ಕೂರು ಅಂದೆ. ಕೂತಳು. ಎದ್ದಳು. ನಾನೂ ಕೂತಿರಲಿಲ್ಲ ಬಿಡಿ, ಸುಮ್ಮನೆ ಅವಳನ್ನು ದೂರುತ್ತಿದ್ದೇನೆ. ಒಳಗಿನಿಂದ ತಾತ ನಡುನಡುವೆ, ಇದ್ದೀರೇನಮ್ಮ ಅನ್ನುತ್ತಿದ್ದರು. ಇದ್ದೀವಿ ತಾತ ಅಂತ ಅಕ್ಕ ಅನ್ನುತ್ತಿದ್ದಳು.

ಮಗಳು ತಲೆಗೆ ಹಾಕಿದ್ದ ಕಾರ್ಖಾನೆಯ ನೀಲಿ ಟೋಪಿಯಲ್ಲೇ ಓಡಿ ಬಂದಳು. ನಮ್ಮನ್ನು ನೋಡಿ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಏನು ಬೈಯಬೇಕೋ ಎಲ್ಲ ಬೈದಳು. ಮೊದಲ ಶುಕ್ರವಾರ ಕಾದಳಂತೆ, ನರ್ಸಿಗೆ ಹುಷಾರಿಲ್ಲವೇನೋ ಅಂದುಕೊಂಡಳಂತೆ. ಎರಡನೇ ಶುಕ್ರವಾರ ಆಫೀಸಿಗೆ ಫೋನ್ ಮಾಡಿದಳಂತೆ. ನಮ್ಮ ನರ್ಸು ಮಂಗಳವಾರ ಬಂದಿದ್ದರು, ನಿಮ್ಮ ಮನೆಗೆ ಬೀಗ ಇತ್ತಲ್ಲ ಅಂತ ಸಾಹೇಬರು ಫೈಲು ನೋಡಿ ಅಂದರಂತೆ. ಬೀಗ ಅನ್ನುವ ಮಾತು ಕೇಳಿದ್ದೇ ಇವಳಿಗೆ ಬಾಯಿ ಕಟ್ಟಿತು. ಒಳಗೆ ಯಾರಿದ್ದರು ಅಂತ ಕೇಳಿಬಿಟ್ಟರೆ ಏನು ಹೇಳುವುದು? ಫೋನ್ ಇಟ್ಟುಬಿಟ್ಟಳಂತೆ. ತಾನೇ ಬಿಸಿನೀರಿನಲ್ಲಿ ತೊಳೆದು ಹಳೆಯ ಬಟ್ಟೆ ಕಟ್ಟಿದಳಂತೆ. ಹೇಳುತ್ತ ಹೇಳುತ್ತ ಕೀಲಿಯನ್ನು ತಲೆಕೆಳಗಾಗಿ ಬೀಗಕ್ಕೆ ತುರುಕುತ್ತಿದ್ದಳು. ಅಕ್ಕ ಅವಳ ಕೈಯಿಂದ ಕೀಲಿ ತೆಗೆದುಕೊಂಡು ಬಾಗಿಲು ತೆಗೆದಳು.

ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ಉಪ್ಪುನೀರು ಬಿಟ್ಟು ಬಿಟ್ಟು, ಅರ್ಧ ಗಂಟೆ, ಅಕ್ಕನೇ ಬಿಡಿಸಿದಳು. ನೆಲದ ಮೇಲೆ ಕೂರಬಾರದ ಮಂಡಿಯಲ್ಲಿ ಕೂತೇ ಬಿಡಿಸಿದಳು. ಆಗ ಮಾತ್ರ ಅವಳ ಮೈಯಲ್ಲಿ ಎಲ್ಲೂ ಚಡಪಡಿಕೆ ಇರಲಿಲ್ಲ. ಕಟ್ಟು ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದವು. ಮಗಳು ಮುಖ ತಿರುಗಿಸಿಕೊಂಡಳು. ತಾತ ತಮ್ಮ ಕಾಲನ್ನು ಬೇರೆ ಯಾರದೋ ಸಾಮಾನು ನೋಡಿದ ಹಾಗೆ ನೋಡಿದರು.

ಆವತ್ತೇ ಆಸ್ಪತ್ರೆಗೆ ಸೇರಿಸಿದೆವು. ಎರಡು ಬೆರಳು ತೆಗೆದರು. ಇನ್ನೊಂದು ವಾರ ಬಿಟ್ಟಿದ್ದರೆ ಮೊಣಕಾಲಿನವರೆಗೆ ತೆಗೆಯಬೇಕಾಗುತ್ತಿತ್ತು ಅಂದರು ಡಾಕ್ಟರು. ಕಾಲು ಉಳಿಯಿತು. ಅಷ್ಟಾದರೂ ಉಳಿಯಿತಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಹೇಳುವಾಗಲೆಲ್ಲ ಆ ಎರಡು ಬೆರಳು ಕಣ್ಣ ಮುಂದೆ ಬರುತ್ತವೆ.

ಸಾಹೇಬರು ನಮ್ಮನ್ನೆಲ್ಲ ಕರೆದು ಕೂರಿಸಿ ವಿಚಾರಿಸಿದರು. ಚಾರ್ಟು ಯಾರು ತಪ್ಪು ಓದಿದ್ದು, ಬೀಗ ಇದ್ದ ಮನೆಯಲ್ಲಿ ಸರಿಯಾಗಿ ವಿಚಾರಿಸಿದ್ದರಾ ಅಂತ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನನ್ನ ಸರದಿ ಬರುವ ಮುಂಚೆ ಅಕ್ಕ ಎದ್ದು ನಿಂತಳು.

"ಚಾರ್ಟ್ ಮಾಡಿದವಳು ನಾನು. ತಿರುಗಿಸಿದವಳು ನಾನು. ಮೂಲೆ ಸರಿ ಮಾಡದೆ ಹೋದವಳು ನಾನು. ಬೇರೆ ಯಾರನ್ನೂ ಕೇಳ್ಬೇಡಿ ಸಾರ್."

ಅವಳ ನೌಕರಿಯ ಫೈಲಿಗೆ, ತಪ್ಪು ಇವಳದು ಅಂತ ಒಂದು ಕೆಂಪು ಹಾಳೆ ಸೇರಿತು. ಚೀಲಕ್ಕೂ ಮುಂಚಿನ ಆಸ್ಪತ್ರೆ ಕೆಲಸವೂ ಸೇರಿ ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯದು. ಐದನೇ ಚೀಲವಾದ ನಾನು ಕೂತೇ ಇದ್ದೆ.

ಮರುದಿನವೇ ಹೊಸ ಚಾರ್ಟು ಬಂತು. ದಿನಗಳ ಹೆಸರು ಪೂರ್ತಿ, ದಪ್ಪ ಅಕ್ಷರದಲ್ಲಿ. ಶನಿವಾರ ಆದ ಮೇಲೆ ಭಾನುವಾರ ಅಂತ ಒಂದು ಖಾಲಿ ಸಾಲು. ಭಾನುವಾರ ಯಾರಿಗೂ ಕೆಲಸವಿಲ್ಲ, ಇದೇನು ಅಂತ ಸಾಹೇಬರು ಕೇಳಿದರು. ಆರಕ್ಕೆ ಏಳಾದರೆ ಹೇಗೆ ತಿರುಗಿಸಿದರೂ ಕಣ್ಣಿಗೆ ಹೊಡೆಯುತ್ತದೆ, ಇರಲಿ ಅಂದಳು. ಇವತ್ತಿಗೂ ನಮ್ಮ ಗೋಡೆಯ ಮೇಲೆ ಆ ಖಾಲಿ ಭಾನುವಾರ ಇದೆ.

ಅದಾದ ಮೇಲೆ ಅವಳು ಬದಲಾದಳು. ಭಾವ ಒಂದು ದಿನ ದಾರಿಯಲ್ಲಿ ಸಿಕ್ಕಿ ಗುಟ್ಟು ಹೇಳುವ ಹಾಗೆ ಹೇಳಿದರು. ಮನೆಯಲ್ಲಿ ಒಂದು ಕುರ್ಚಿ ಕೂಡ ಅಲ್ಲಾಡಿ ತಿಂಗಳಾಯಿತಂತೆ. ಕೈ ಚಾಚದೆ ಒಳಗೆ ಹೋಗಬಹುದಂತೆ. ಅದೇ ಅವರಿಗೆ ಹೆದರಿಕೆ. ತಡೆಯಲಾರದೆ ಅವರೇ ಒಂದು ಸಂಜೆ ಮಂಚವನ್ನು ತಿರುಗಿಸಿ ಇಟ್ಟರಂತೆ, ಬೈಯಲಿ ಅಂತ. ಅವಳು ಬೈಯಲಿಲ್ಲ. ಇದ್ದಲ್ಲಿಗೆ ಎಳೆದು ಇಟ್ಟಳಂತೆ, ಅಷ್ಟೇ.

ನಾನು ಎರಡು ತಿಂಗಳು ತಡೆದುಕೊಂಡೆ. ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಊಟ ಸೇರಲು ಬಿಡಲಿಲ್ಲ, ಕೂರಲು ಬಿಡಲಿಲ್ಲ. ಅವಳ ಚಡಪಡಿಕೆಯೆಲ್ಲ ನನಗೆ ವರ್ಗವಾದ ಹಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ, ಇನ್ನೂ ಯಾರೂ ಬಂದಿರಲಿಲ್ಲ, ಅವಳ ಮೇಜಿನ ಮುಂದೆ ನಿಂತು ಹೇಳಿಬಿಟ್ಟೆ. ಮೂರನೇ ಮಂಗಳವಾರ ನಾನು ಬಡಿದ ಮೇಲೆ ಒಳಗಿನಿಂದ ಒಂದು ಕೆಮ್ಮು ಕೇಳಿಸಿತ್ತು. ಪಕ್ಕದ ಮನೆಯದಿರಬೇಕು ಅಂದುಕೊಂಡೆ. ಇಲ್ಲ, ಸುಳ್ಳು ಯಾಕೆ, ಹಾಗೆ ಅಂದುಕೊಂಡರೆ ಸುಲಭ ಅಂತ ಅಂದುಕೊಂಡೆ. ಇನ್ನೂ ಒಂದು ಮನೆ ಬಾಕಿ ಇತ್ತು, ಬಸ್ಸಿಗೆ ಹೊತ್ತಾಗಿತ್ತು. ಬೀಗ ಅಂತ ಬರೆದೆ. ಆ ಕೆಂಪು ಹಾಳೆಯಲ್ಲಿ ಅರ್ಧ ನನ್ನದು ಅಕ್ಕ, ಅಂದೆ.

ಅಕ್ಕ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತು," ಅಂದಳು. "ಆವತ್ತು ನೀನು ಫೋನ್ ಮಾಡೋಕೆ ಇಳಿದಾಗ ತಾತ ಹೇಳಿದ್ರು. ಬಾಯಿಗೆ ಬಟ್ಟೆ ಒತ್ತಿ ಹಿಡ್ಕೊಂಡಿದ್ರಂತೆ, ಆದ್ರೂ ಒಂದು ಕೆಮ್ಮು ತಪ್ಪಿಸ್ಕೊಂಡ್ಬಿಡ್ತಂತೆ. ಆಮೇಲೆ ನೀನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ಯಂತೆ. ಒಂದೇ ಒಂದು ಸಲ ತಾತ ಅಂತ ಕೂಗಿದ್ರೆ, ಮಾನ ಹೋದ್ರೆ ಹೋಗ್ಲಿ, ಓ ಅಂದುಬಿಡೋಣ ಅಂತ ಕಾಯ್ತಿದ್ರಂತೆ."

ಅಷ್ಟು ದಿನ ಅದನ್ನು ಅವಳು ನನಗೂ ಹೇಳದೆ, ಯಾರಿಗೂ ಹೇಳದೆ, ಸಾಹೇಬರ ಮುಂದೆ ಎದ್ದು ನಿಂತಿದ್ದಳು.

"ಹೋಗು," ಅಂದಳು ಅಕ್ಕ, "ನಿಂಗೆ ಹೊತ್ತಾಯ್ತು."

ಮೇಜಿನ ಮೇಲಿದ್ದ ನನ್ನ ನಾಲ್ಕು ಫೈಲುಗಳನ್ನು ಅವಳೇ ಎತ್ತಿ ಕೈಗೆ ಕೊಟ್ಟಳು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಆವತ್ತಿನ ಎರಡನೇ ಮನೆಗೆ ಬೀಗ ಇತ್ತು. ಬಾಗಿಲ ಸಂದಿಗೆ ಬಾಯಿ ಇಟ್ಟು, ಅಜ್ಜಿ, ಅಜ್ಜಿ ಅಂತ ಮೂರು ಸಲ ಕೂಗಿದೆ. ಒಳಗೆ ಯಾರೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಬರೆದೆ.